ಎರಡೂ ಕೈ ಅಳೆಯುತ್ತಿದ್ದ ಮಾವಶಿ

ಕಳೆದ ವಾರ ಮೂಡಲಗಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಹೊಸದಾಗಿ ಹೊಲಿಸಿ ತಂದ ಡ್ರೆಸ್ಸನ್ನು ಕವರಿನಿಂದ ತೆಗೆದು ಮೇಜಿನ ಮೇಲೆ ಹರಡಿದರು. ಬಣ್ಣ ಒಪ್ಪುತ್ತದೆಯೇ, ಕತ್ತು ಹೆಚ್ಚು ಇಳಿದಿದೆಯೇ ಎಂದು ಎಲ್ಲರೂ ನೋಡುತ್ತಿದ್ದರು. ನನಗೆ ತಾಕಿದ್ದು ಅದರ ವಾಸನೆ. ಹೊಲಿಗೆ ಮಷೀನಿನ ಎಣ್ಣೆ, ಅದರೊಂದಿಗೆ ಬೆರೆತ ಹೊಸ ಬಟ್ಟೆಯ ಗಂಜಿ. ರೆಡಿಮೇಡ್ ಬಟ್ಟೆಗೆ ಈ ವಾಸನೆ ಇರುವುದಿಲ್ಲ. ಯಾರೋ ಒಬ್ಬರು ಕುಳಿತು, ಕಾಲಿನಿಂದ ತುಳಿದು, ನಮಗೆಂದೇ ಹೊಲಿದ ಬಟ್ಟೆಗೆ ಮಾತ್ರ ಇರುತ್ತದೆ. ಒಮ್ಮೆ ತೊಳೆದರೆ ಹೋಗಿಬಿಡುತ್ತದೆ.

ಗಂಟೆಯಾಯಿತು, ಎದ್ದು ತರಗತಿಗೆ ಹೋದೆ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದರೂ ಮನಸ್ಸು ಹುಕ್ಕೇರಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು...

ಆ ಓಣಿಯ ಮೂರನೆಯ ಮನೆಯ ಮುಂಗೋಣೆಯೇ ಮಾವಶಿಯ ಅಂಗಡಿ. ಬೋರ್ಡು ಇರಲಿಲ್ಲ. ಎರಡು ಮಷೀನು, ಬಟ್ಟೆ ಕತ್ತರಿಸುವ ಒಂದು ಮೇಜು, ಗೋಡೆಯ ಮೇಲೆ ಬುದ್ಧನ ಫೋಟೊ, ಹಳೆಯ ಸೀರೆಯನ್ನು ಪರದೆಯಾಗಿ ಕಟ್ಟಿದ ಮೂಲೆ. ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತಿದ್ದರು. ಮಾವಶಿ ಎಂದರೆ ನಮ್ಮ ಕಡೆ ಚಿಕ್ಕಮ್ಮ, ಆದರೆ ಅವರು ನಮಗೆ ಸಂಬಂಧಿಯಲ್ಲ. ಊರಿನ ಅರ್ಧ ಹೆಂಗಸರಿಗೆ ಅವರು ಮಾವಶಿ, ನನಗೂ ಮಾವಶಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಆ ಮಷೀನಿನ ಬಲದ ಮೇಲೆಯೇ ಓದಿಸಿ ಕಣಗಲಾಕ್ಕೆ ಮದುವೆ ಮಾಡಿಕೊಟ್ಟಿದ್ದರು.

ಅವರ ಬಳಿ ಉದ್ದನೆಯ ಒಂದು ಅಳತೆಯ ಪುಸ್ತಕವಿತ್ತು. ಒಬ್ಬೊಬ್ಬರಿಗೆ ಒಂದೊಂದು ಪುಟ. ನನ್ನ ಪುಟ ಎಂಟನೆಯ ಇಯತ್ತೆಯಿಂದ ಶುರುವಾಗಿತ್ತು. ಪ್ರತಿ ಸಲ ಹೊಸದಾಗಿ ಅಳೆದು, ತಾರೀಖು ಹಾಕಿ, ಹಳೆಯದರ ಕೆಳಗೆ ಬರೆಯುತ್ತಿದ್ದರು. ಹಳೆಯದನ್ನು ಎಂದೂ ಹೊಡೆದು ಹಾಕುತ್ತಿರಲಿಲ್ಲ. ಅಳತೆ ಯಾವಾಗಲೂ ಬಲಗಡೆಯದೇ: ಬಲತೋಳು, ಬಲತೊಡೆ, ಬಲಗಾಲಿನ ಉದ್ದ. ಎಲ್ಲ ದರ್ಜಿಗಳ ಪದ್ಧತಿಯೂ ಅದೇ. ಚಿಕ್ಕವಳಿದ್ದಾಗ ಒಮ್ಮೆ ಎಡಗೈಯನ್ನೂ ಚಾಚಿದ್ದೆ. "ತಗಿ ಅದನ್ನ. ನಿಮ್ಮವ್ವ ಎರಡೂ ಒಂದ ಅಳತಿಲೆ ಕೊಟ್ಟಾಳ. ಒಂದ ಅಳದ್ರ ಸಾಕು" ಎಂದಿದ್ದರು.

ನಾಲಿಗೆ ಹರಿತ. ಕುಬುಸ ಬಿಗಿಯಾಯಿತೆಂದು ತಂದವರಿಗೆ, "ಕುಬುಸ ಬಿಗಿ ಆಗಿಲ್ಲವ್ವಾ, ನಿನ್ನ ತವರಮನಿ ತುಪ್ಪ ಬಿಗಿ ಆಗೇತಿ" ಎನ್ನುತ್ತಿದ್ದರು. ನಾನು ಮಾತು ಕಡಿಮೆ. ಬಟ್ಟೆ ಕೊಟ್ಟು, ಅಳತೆ ಕೊಟ್ಟು, ತಲೆಯಾಡಿಸಿ ಬಂದುಬಿಡುತ್ತಿದ್ದೆ. ಅವರು ಬಾಜೂ ಕುಳಿತವರಿಗೆ ಹೇಳುತ್ತಿದ್ದರು: "ಹೋದ ಸಲ ಮರತ ಈಕಿ ಬಾಯಿನೂ ಹೊಲದ ಬಿಟ್ಟೇನೇನೋ." ಎಲ್ಲರೂ ನಗುತ್ತಿದ್ದರು. ನನಗೆ ಅದರಿಂದ ಬೇಸರವಾಗುತ್ತಿರಲಿಲ್ಲ. ಮಾತಾಡು ಎಂದು ಅವರು ಎಂದೂ ಒತ್ತಾಯ ಮಾಡಿದವರಲ್ಲ.

ಆಗ ನಾನು ಗೋಕಾಕದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೆ. ಬೇಸಿಗೆಯ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಎಡತೊಡೆಯಲ್ಲಿ ಏನೋ ಕೈಗೆ ಸಿಕ್ಕಿತು. ಚರ್ಮದ ಕೆಳಗೇ ಇರುವ ಗುಳ್ಳೆಯಂತಿರಲಿಲ್ಲ. ಮಾಂಸದೊಳಗೆ, ಆಳದಲ್ಲಿ, ನಿಂಬೆಹಣ್ಣಿನಷ್ಟು ದೊಡ್ಡ ಗಟ್ಟಿ ಗಂಟು. ಒತ್ತಿದರೆ ನೋವಿಲ್ಲ. ಕೆಂಪಗಾಗಿಲ್ಲ, ಜ್ವರವಿಲ್ಲ. ನಡೆಯಲು ತೊಂದರೆಯಿಲ್ಲ.

ಆರು ತಿಂಗಳು ಯಾರಿಗೂ ಹೇಳಲಿಲ್ಲ. ಈಗ ಯೋಚಿಸಿದರೆ ಕಾರಣಗಳು ತೀರ ಸಣ್ಣವೆನಿಸುತ್ತವೆ. ತೊಡೆಯನ್ನು ಯಾರಿಗೋ ತೋರಿಸಬೇಕಲ್ಲ ಎಂಬ ಸಂಕೋಚ ಒಂದು. ಅವ್ವನಿಗೆ ಹೇಳಿದರೆ ಅದು ಅಪ್ಪನ ತಮ್ಮ ಕಾಕಾನ ಕಿವಿಗೆ ಹೋಗಿ, ಅಲ್ಲಿಂದ ನೆಂಟರಿಗೆ ಹೋಗಿ, ನಾಳೆ ನನ್ನ ಮದುವೆಯ ಮಾತು ಬಂದಾಗ ಯಾರೋ ಇದನ್ನು ಎತ್ತುತ್ತಾರೆ ಎಂಬುದು ಇನ್ನೊಂದು. ಎಲ್ಲಕ್ಕಿಂತ ದೊಡ್ಡ ಕಾರಣ, ಅದು ನೋಯುತ್ತಿರಲಿಲ್ಲ. ನೋವಿಲ್ಲದ್ದು ರೋಗವೇ ಅಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ವಿಜ್ಞಾನ ಓದುತ್ತಿದ್ದವಳು, ಯಾವ ಆಧಾರವೂ ಇಲ್ಲದೆ.

ಆ ವರ್ಷದ ನಾಗರ ಪಂಚಮಿಗೆ ಮಾವಶಿ ನನಗೊಂದು ಚೂಡಿದಾರ ಹೊಲಿದರು. ಮನೆಗೆ ತಂದು ಹಾಕಿಕೊಂಡರೆ ಪ್ಯಾಂಟಿನ ಎಡಗಾಲು ತೊಡೆಯ ಹತ್ತಿರ ಹತ್ತಲಿಲ್ಲ. ಹಬ್ಬದ ಹಿಂದಿನ ದಿನ. ಅಂಗಡಿ ತುಂಬ ಹುಡುಗಿಯರು. ಅವರ ನಡುವೆಯೇ ಪ್ಯಾಂಟನ್ನು ಮೇಜಿನ ಮೇಲಿಟ್ಟೆ.

"ಮಾವಶಿ, ಎಡಗಾಲು ಬಿಗಿ ಆಗತೈತ್ರಿ."

"ಬಲಗಾಲು?"

"ಸರಿ ಐತ್ರಿ."

ಅವರು ಮಷೀನು ನಿಲ್ಲಿಸಿ ಪ್ಯಾಂಟನ್ನು ತಿರುವಿ ನೋಡಿದರು. "ಹಂಗಾರ ತಪ್ಪು ನಂದ. ಗದ್ದಲದಾಗ ಕತ್ತರಿ ವಾರೆ ಹೋಗಿರಬೇಕು. ಕೂಡು, ಮಾರ್ಜಿನ್ ಐತಿ, ಬಿಟ್ಟ ಕೊಡತೀನಿ."

ಹೊಲಿಗೆಯ ಒಳಗಡೆ ಮಡಚಿಟ್ಟ ಬಟ್ಟೆಗೆ ಅವರು ಮಾರ್ಜಿನ್ ಎನ್ನುತ್ತಿದ್ದರು. ಎಡಗಾಲಿನ ಹೊಲಿಗೆ ಬಿಚ್ಚಿ, ಒಂದು ಇಂಚು ಸಡಿಲ ಮಾಡಿ, ಮತ್ತೆ ಹೊಲಿದರು. ಪುಸ್ತಕದಲ್ಲಿ ನನ್ನ ಪುಟ ತೆಗೆದು, 'ಎಡ, ಒಂದು ಇಂಚು ಬಿಟ್ಟಿದೆ' ಎಂದು ಬರೆದಿಟ್ಟರು. "ಹಬ್ಬದ ದಿನ ಕಣ್ಣಾಗ ನೀರ ತರಿಸಿದ್ನಲ್ಲ ಪೋರಿ, ತಪ್ಪ ಆತು" ಎಂದರು. ನನ್ನ ಕಣ್ಣಲ್ಲಿ ನೀರಿರಲಿಲ್ಲ. ನನಗೆ ಆದದ್ದು ಸಮಾಧಾನ. ಗಂಟು ಗಂಟಾಗಿ ಉಳಿಯಲಿಲ್ಲ, ಅವರ ಕತ್ತರಿಯ ತಪ್ಪಾಗಿ ಹೋಯಿತು. ಅವರು ಕೊಟ್ಟ ಚೂಡಿದಾರವನ್ನೇ ತೊಟ್ಟು ಜೋಕಾಲಿ ಆಡಿದೆ. ಎರಡು ದಿನ ಬಿಟ್ಟು ಗೋಕಾಕದ ಬಸ್ಸು ಹತ್ತಿದೆ.

ದೀಪಾವಳಿಗೆ ಊರಿಗೆ ಬಂದಾಗ, ಪುಸ್ತಕದಲ್ಲಿದ್ದ ಬಲಗಡೆಯ ಅಳತೆಯಿಂದಲೇ ಹೊಲಿದ ಹೊಸ ಡ್ರೆಸ್ಸು ತಯಾರಿತ್ತು. ಅದರದ್ದೂ ಎಡಗಾಲು ಹತ್ತಲಿಲ್ಲ. ಪಂಚಮಿಯದೂ ಈಗ ಎಡಗಾಲಿಗೆ ಹೋಗುತ್ತಿರಲಿಲ್ಲ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನ ಅಂಗಡಿಗೆ ಹೋದೆ. ಮಾವಶಿ ಒಬ್ಬರೇ ಇದ್ದರು. ಎರಡೂ ಪ್ಯಾಂಟುಗಳನ್ನು ಒಳಗಡೆ ಹೊರಗೆ ಮಾಡಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲನ್ನಿಟ್ಟು, ಹೊಸದರ ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದರು. ಬಹಳ ಹೊತ್ತು ನೋಡಿದರು.

"ಒಂದ ತಪ್ಪ ಎರಡ ಸಲ ಮಾಡು ಹೆಂಗಸಲ್ಲ ನಾ" ಎಂದು, ಮುಂಬಾಗಿಲು ಮುಚ್ಚಿ, ಪರದೆ ಎಳೆದು, "ಒಳಗ ಬಾ" ಎಂದರು.

ಟೇಪನ್ನು ಮೊದಲು ಬಲತೊಡೆಗೆ ಸುತ್ತಿದರು. ಇಪ್ಪತ್ತು. ಆಮೇಲೆ, ನಾನು ಅವರನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಎಡತೊಡೆಗೆ. ಇಪ್ಪತ್ತೆರಡೂವರೆ. ಟೇಪು ಬಿಚ್ಚಿ ಮತ್ತೊಮ್ಮೆ ಸುತ್ತಿದರು. ಇಪ್ಪತ್ತೆರಡೂವರೆ.

"ಯಾವಾಗಿಂದ ಐತಿ?"

"ಏನಿಲ್ರಿ ಮಾವಶಿ. ನೋವಿಲ್ಲ."

"ನೋವಿದ್ರ ನೀ ಯಾವಾಗೋ ಹೇಳ್ತಿದ್ದಿ. ಇಲ್ಲಂತನ ಕೇಳಾಕತ್ತೇನಿ. ಯಾವಾಗಿಂದ?"

ಬೇಸಿಗೆಯಿಂದ ಎಂದೆ. ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಪಂಚಮಿಗೆ ಒಂದಿಂಚ ಬಿಟ್ಟ ಕೊಟ್ಟೆ. ಅವತ್ತ ಕೇಳಬೇಕಾಗಿತ್ತು. ನಿನ್ನ ಗಂಟನ್ನ ನಾನ ದಾರ ಹಾಕಿ ಮುಚ್ಚಿದ್ನಲ್ಲ..." ಎಂದರು. ಅವರ ದನಿ ಹಾಗೆ ಇಳಿದದ್ದನ್ನು ನಾನು ಕೇಳಿರಲಿಲ್ಲ. ಅವತ್ತು ತಪ್ಪು ನಿಮ್ಮದಲ್ಲ, ನನಗೆ ಗೊತ್ತಿತ್ತು ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಬದಲಿಗೆ, "ಯಾರಿಗೂ ಹೇಳಬ್ಯಾಡ್ರಿ" ಎಂದು ಬೇಡಿಕೊಂಡೆ.

ಅವರು ಎದ್ದು ಪುಸ್ತಕದಲ್ಲಿ ಎರಡೂ ಅಳತೆಗಳನ್ನು ಬರೆದು ತಾರೀಖು ಹಾಕಿದರು. "ಊರಿಗೆ ಹೇಳಂಗಿಲ್ಲ. ಇದು ನನ್ನ ಮಾತು. ಆದ್ರ ನಿಮ್ಮವ್ವಗ ಹೇಳಬೇಕು. ನಾಳಿ ಸಂಜಿಮಟ ನಿನಗ ಟೈಮ್. ನೀ ಹೇಳಲಿಲ್ಲಂದ್ರ ನಾ ಬಂದ ಹೇಳತೀನಿ."

ನಾನು ಹೇಳಲಿಲ್ಲ. ಮರುದಿನ ಸಂಜೆ ಅಂಗಳದಲ್ಲಿ ಅವರ ಚಪ್ಪಲಿ ಸದ್ದಾದಾಗ ಕಾಲೇಜಿನ ಪುಸ್ತಕ ಹಿಡಿದು ಒಳಕೋಣೆಗೆ ಹೋಗಿ ಕುಳಿತೆ. ಅವ್ವ ಸಂಭ್ರಮದಿಂದ, "ಬರ್ರಿ ಅಕ್ಕಾರ. ಕುಬುಸ ಒಯ್ಯಾಕ ನಾವ ಬರ್ತಿದ್ವಿ, ನೀವ್ಯಾಕ ತ್ರಾಸ ತಗೊಂಡ್ರಿ?" ಎಂದಳು.

"ಕುಬುಸ ಕೊಡಾಕ ಬಂದಿಲ್ಲ ತಂಗಿ. ಮಗಳನ್ನ ಕರಿ."

ಅವ್ವ ನನ್ನ ತೊಡೆಯನ್ನು ಮುಟ್ಟಿ ನೋಡಿದಳು. ಮೊದಲು ಬಂದದ್ದು ಸಿಟ್ಟು. "ನನಗ ಯಾಕ ಹೇಳಲಿಲ್ಲ? ನಾ ಸತ್ತಿದ್ನೇನ?" ಎಂದು ಕೂಗಿ, ಆಮೇಲೆ ನನ್ನ ಕಾಲನ್ನು ತಬ್ಬಿಕೊಂಡು ಕುಳಿತಳು. ಅಪ್ಪ ಕೆಲಸದ ಮೇಲೆ ಹೊರಗೂರಿನಲ್ಲಿರುತ್ತಿದ್ದರಿಂದ ಮನೆಯ ತೀರ್ಮಾನಗಳೆಲ್ಲ ಕಾಕಾನವು. ಕಾಕಾ ಕೆಟ್ಟವನಲ್ಲ, ಎಲ್ಲದಕ್ಕೂ ಒಬ್ಬ ಪರಿಚಯದವನನ್ನು ಇಟ್ಟುಕೊಂಡವನು. ಗೋಕಾಕದ ಕಡೆ ಯಾರೋ ಗಂಟು ತಿಕ್ಕುವವನಿದ್ದಾನೆಂದ. "ನಾಕ ದಿನ ಬಿಸಿ ಎಣ್ಣಿ ಹಾಕಿ ತಿಕ್ಕಿದ್ರ ಕರಗಿ ಹೋಗತೈತಿ. ನಮ್ಮ ದೋಸ್ತಂದು ಹೋಗೇತಿ."

"ಕರಗಾಕ ಅದೇನ ಬೆಣ್ಣಿ ಉಂಡಿ ಏನ್ರಿ?" ಎಂದರು ಮಾವಶಿ. "ತಿಕ್ಕಿದ್ರ ಸಪಾಟ ಆಗಾಕ ಅದೇನ ಇಸ್ತ್ರಿ ಬಟ್ಟಿ ಏನ್ರಿ? ಒಳಗ ಏನೈತಿ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ತಿಕ್ಕತೀರೇನ?"

ಕಾಕಾನಿಗೆ ಮುಖಭಂಗವಾಯಿತು. "ಹೊಲಿಗಿ ಮಾಡಾವ್ರು ಹೊಲಿಗಿ ಮಾಡ್ಕೊಂಡ ಇರಬೇಕ್ರಿ."

"ಹೊಲಿಗಿ ಮಾಡಾಕೀನ ರೀ. ಅದಕ್ಕ ನನಗ ಗೊತ್ತಾತು. ಮನ್ಯಾಗ ಇದ್ದ ನಿಮಗ ಗೊತ್ತಾಗಲಿಲ್ಲ."

ಮರುದಿನ ಅವ್ವ, ಕಾಕಾ, ಮಾವಶಿ, ನಾನು, ನಾಲ್ವರೂ ಒಬ್ಬ ಡಾಕ್ಟರರ ಬಳಿ ಹೋದೆವು. ಅವರು ಮುಟ್ಟಿ ನೋಡಿದರು, ನೋವಿದೆಯೇ ಎಂದು ಕೇಳಿದರು, ಇಲ್ಲವೆಂದೆ. "ಕೊಬ್ಬಿನ ಗಂಟು ಅನಸ್ತೈತಿ. ಬಾಳ ಮಂದಿಗೆ ಇರತಾವು, ಹೆದರಬ್ಯಾಡ್ರಿ. ಬುಧವಾರ ಬರ್ರಿ, ಅರ್ಧ ತಾಸಿನ್ಯಾಗ ತಗದ ಬಿಡೂಣು" ಎಂದು ಚೀಟಿ ಬರೆಯತೊಡಗಿದರು. ಅವ್ವ ದೀರ್ಘವಾಗಿ ಉಸಿರು ಬಿಟ್ಟಳು. ಕಾಕಾ, "ನಾ ಹೇಳಿದ್ನಲ್ಲ, ಏನೂ ಇರೂದಿಲ್ಲಂತ" ಎಂದ. ನನಗೂ ಕೈಕಾಲು ಹಗುರಾದವು. ಬುಧವಾರ ಕಳೆದರೆ ಎಲ್ಲ ಮುಗಿಯಿತು, ಯಾರಿಗೂ ಗೊತ್ತಾಗದ ಹಾಗೆ.

ಮಾವಶಿ ಬಾಗಿಲ ಹತ್ತಿರ ನಿಂತಿದ್ದರು. ಅರಿವೆಯಲ್ಲಿ ಸುತ್ತಿ ತಂದಿದ್ದ ಅಳತೆಯ ಪುಸ್ತಕವನ್ನು ಬಿಚ್ಚಿ ಮೇಜಿನ ಮೇಲಿಟ್ಟರು.

"ಸಾಹೇಬ್ರ, ಒಂದ ಮಾತ್ರಿ. ಪಂಚಮಿಗೆ ಒಂದಿಂಚ ಹೆಚ್ಚಿತ್ತು. ದೀಪಾವಳಿಗೆ ಎರಡೂವರೆ ಆಗೇತಿ. ಕೊಬ್ಬಿನ ಗಂಟು ಇಷ್ಟ ಜಲ್ದಿ ಬೆಳಿತೈತೇನ್ರಿ?"

ಡಾಕ್ಟರರು ಪುಟ ನೋಡಿದರು. "ಯಾರ ಬರದದ್ದು ಇದು?"

"ನಾನ್ರಿ. ಹೊಲಿಗಿಯಾಕಿ."

"ಬಲಗಾಲು?"

"ಮೂರ ವರ್ಷದಿಂದ ಅರ್ಧ ಇಂಚ ಸುದ್ದಾ ಹೆಚ್ಚಿಲ್ರಿ. ಮ್ಯಾಲ ಬರದೇನಿ ನೋಡ್ರಿ." ಮತ್ತೆ ಅಂದರು: "ನಮ್ಮ ಕೆಲಸದಾಗ ಅಳತಿ ತಗೋಳಾರದ ಕತ್ತರಿ ಹಾಕೂದಿಲ್ರಿ ಸಾಹೇಬ್ರ. ಒಮ್ಮಿ ಕತ್ತರಿಸಿದ ಅರಿವಿ ಹೊಳ್ಳಿ ಕೂಡೂದಿಲ್ಲ."

ಕಾಕಾ ತಲೆ ತಗ್ಗಿಸಿದ. ಡಾಕ್ಟರರು ಈಗ ಬೈಯುತ್ತಾರೆ ಎಂದುಕೊಂಡೆ. ಅವರು ಪೆನ್ನು ಕೆಳಗಿಟ್ಟರು. ನನ್ನನ್ನು ಮತ್ತೆ ಮಲಗಿಸಿ, ತೊಡೆ ಬಿಗಿ ಮಾಡು, ಸಡಿಲ ಬಿಡು ಎಂದು ಹೇಳಿ, ಗಂಟು ಎಷ್ಟು ಆಳದಲ್ಲಿದೆ, ಅಲುಗಾಡುತ್ತದೆಯೇ ಎಂದು ನಿಧಾನವಾಗಿ ಪರೀಕ್ಷಿಸಿದರು. ಆಮೇಲೆ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. "ಇವ್ರು ಹೇಳೂದು ಖರೆ ಐತಿ. ಇದನ್ನ ನಾ ಮುಟ್ಟಂಗಿಲ್ಲ. ಮೊದಲ ಸ್ಕ್ಯಾನ್ ಆಗಬೇಕು, ಆಮ್ಯಾಲ ಸೂಜಿಲೆ ತುಣಕ ತಗದ ನೋಡಬೇಕು. ಅದೂ ಆಪರೇಷನ್ ಮಾಡು ಡಾಕ್ಟರ್ ಇದ್ದಲ್ಲೇ" ಎಂದು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ತಾವೇ ಫೋನು ಮಾಡಿದರು. ಒಬ್ಬ ಹೊಲಿಗೆಯವಳ ಪುಸ್ತಕ ನೋಡಿ, ನಾಲ್ಕು ಜನರ ಎದುರು ತಮ್ಮ ಮಾತನ್ನು ಬದಲಿಸಿಕೊಂಡ ಆ ಡಾಕ್ಟರರಿಗೂ ನಾನು ಋಣಿ.

ಬೆಳಗಾವಿಯಲ್ಲಿ ಎಂ.ಆರ್.ಐ. ಆಯಿತು. ದಪ್ಪ ಸೂಜಿಯಿಂದ ಗಂಟಿನ ಸಣ್ಣ ತುಣುಕುಗಳನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಒಬ್ಬ ಡಾಕ್ಟರ್ ಅಕ್ಕ ನನ್ನನ್ನೂ ಅವ್ವನನ್ನೂ ಎದುರಿಗೆ ಕೂರಿಸಿಕೊಂಡು ಹೆಸರು ಹೇಳಿದರು: ಸಾಫ್ಟ್ ಟಿಶ್ಯೂ ಸಾರ್ಕೋಮಾ. ಎಲುಬನ್ನೂ ಒಳಾಂಗಗಳನ್ನೂ ಬಿಟ್ಟು ಮೈಯಲ್ಲಿ ಮೆತ್ತಗಿರುವುದೇನಿದೆಯೋ, ಸ್ನಾಯು, ಕೊಬ್ಬು, ನರ, ರಕ್ತನಾಳ, ಇವುಗಳಲ್ಲಿ ಹುಟ್ಟುವ ಕ್ಯಾನ್ಸರ್. ಅಪರೂಪದ್ದು. ಮೈಮೇಲಿನ ಹೆಚ್ಚಿನ ಗಂಟುಗಳು ನಿರುಪದ್ರವಿಗಳೇ, ಆದ್ದರಿಂದಲೇ ಇದು ಕಣ್ಣು ತಪ್ಪಿಸುತ್ತದೆ, ಎಂದರು. ಅವ್ವನಿಗೆ ಕ್ಯಾನ್ಸರ್ ಎಂಬ ಒಂದು ಮಾತು ಬಿಟ್ಟು ಬೇರೆ ಯಾವುದೂ ಕೇಳಿಸಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಕಾಲು ತಗೀತೀರೇನ್ರಿ?"

"ಉಳಸ್ತೀವಿ ಅಂತ ಅನಸ್ತೈತಿ" ಎಂದರು ಅವರು. "ಯಾರೂ ಇದಕ್ಕ ಕೈ ಹಚ್ಚಿಲ್ಲ. ಅದು ಬಾಳ ಚಲೋ ಆತು." ಪರೀಕ್ಷೆಯಿಲ್ಲದೆ ಸಣ್ಣ ಗಾಯ ಮಾಡಿ ಗಂಟು ತೆಗೆದಿದ್ದರೆ ರೋಗದ ಕಣಗಳು ಸುತ್ತಲಿನ ಮಾಂಸದಲ್ಲಿ ಉಳಿದುಹೋಗುತ್ತಿದ್ದವು, ಆಮೇಲೆ ಇನ್ನೂ ದೊಡ್ಡ ಭಾಗ ತೆಗೆಯಬೇಕಾಗುತ್ತಿತ್ತು, ಆಗ ಕಾಲಿನ ಬಗ್ಗೆ ತಾನು ಹೀಗೆ ಹೇಳಲು ಆಗುತ್ತಿರಲಿಲ್ಲ ಎಂದು ವಿವರಿಸಿದರು. ಎದೆಯ ಸ್ಕ್ಯಾನ್ ಸ್ವಚ್ಛವಿತ್ತು. ರೋಗ ತೊಡೆಯನ್ನು ಬಿಟ್ಟು ಹೊರಗೆ ಹೋಗಿರಲಿಲ್ಲ.

ಮೊದಲ ಡಾಕ್ಟರರು ಗಂಟು ತೆಗೆಯಲು ಗೊತ್ತುಮಾಡಿದ್ದ ಬುಧವಾರವನ್ನು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅದು ಕಳೆದು ಹನ್ನೆರಡು ದಿನವಾಗಿತ್ತು.

ಮೊದಲು ವಿಕಿರಣ ಚಿಕಿತ್ಸೆ, ಆಮೇಲೆ ಶಸ್ತ್ರಚಿಕಿತ್ಸೆ. ಗಂಟಿನ ಜೊತೆಗೆ ಸುತ್ತಲಿನ ಒಂದಿಷ್ಟು ಸ್ನಾಯುವನ್ನೂ ತೆಗೆದರು. ಕಾಲು ಉಳಿಯಿತು. ಓದಿನಲ್ಲಿ ಒಂದು ವರ್ಷ ಹೋಯಿತು. ನೆಂಟರಿಗೆಲ್ಲ ಕಾಕಾನೇ, 'ಕಾಲಿನ ನರದ ಆಪರೇಷನ್' ಎಂದು ಹೇಳಿ ಬಾಯಿ ಮುಚ್ಚಿಸಿದ. ತಿಕ್ಕುವವನ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ನನಗೆ ಅತಿ ಕಷ್ಟವಾದದ್ದು ನೋವಲ್ಲ. ದಿನವೂ ಡ್ರೆಸ್ಸಿಂಗಿಗೆ ಬಂದಾಗ, ಆರು ಮಂಚಗಳ ವಾರ್ಡಿನಲ್ಲಿ, ಬಟ್ಟೆಯನ್ನು ಸೊಂಟದವರೆಗೆ ಸರಿಸಬೇಕಾಗುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಾಲ್ಕನೆಯ ದಿನ ಮಾವಶಿ ಬಂದರು. ಹಣ್ಣಿನ ಚೀಲದ ಕೆಳಗೆ ಮಡಚಿಟ್ಟ ಮೂರು ಹತ್ತಿಯ ಲಂಗಗಳಿದ್ದವು. ಎಡಗಡೆ ಸೊಂಟದಿಂದ ಮೊಣಕಾಲಿನವರೆಗೆ ಸೀಳಿ, ಸಾಲಾಗಿ ಕಸಿಗಳನ್ನು, ಎಂದರೆ ಕಟ್ಟುವ ಬಟ್ಟೆಯ ದಾರಗಳನ್ನು, ಹಚ್ಚಿದ್ದರು. ಗಾಯ ಎಲ್ಲಿದೆಯೋ ಅಲ್ಲಿಯ ಎರಡು ಕಸಿ ಬಿಚ್ಚಿದರೆ ಸಾಕು, ಉಳಿದದ್ದು ಮುಚ್ಚಿಯೇ ಇರುತ್ತಿತ್ತು. "ಯಾರ ಹೊಲದದ್ದು ಇದು? ಎಲ್ಲಾರಿಗೂ ಇಂಥಾವ ಬೇಕ ನೋಡ್ರಿ" ಎಂದರು ನರ್ಸ್. ಮಾವಶಿ ನನಗೆ ಕಿತ್ತಳೆ ಸುಲಿಯುತ್ತ ಕುಳಿತಿದ್ದರು. ರೋಗದ ಹೆಸರು ಏನು ಎಂದು ಅವರು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.

ಮತ್ತೆ ನಡೆಯಲು ಕಲಿತೆ. ಈಗ ಎಡತೊಡೆ ಬಲಕ್ಕಿಂತ ಸಣ್ಣದು. ಮೊದಲ ಹೊಸ ಚೂಡಿದಾರ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಎರಡೂ ಕಾಲು ಒಂದೇ ಥರ ಕಂಡವು. ಬಿಚ್ಚಿ ತಿರುವಿ ನೋಡಿದೆ. ಎಡಗಾಲನ್ನು ಬೇರೆಯಾಗಿ ಕತ್ತರಿಸಿ, ಒಳಗೆ ಅಸ್ತರಿನ ಎರಡು ಪದರು ಕೊಟ್ಟಿದ್ದರು, ಬಟ್ಟೆ ಒಳಕ್ಕೆ ಕುಸಿಯದ ಹಾಗೆ. ಕೊಡುವಾಗ ಅವರು ಹೇಳಿದ್ದು, "ತೊಳದಾಗ ಜರಾ ತಡಾ ಒಣಗತೈತಿ, ಅವಸರ ಮಾಡಬ್ಯಾಡ" ಎಂದಷ್ಟೇ.

ಆಗಿನಿಂದ ಅವರ ಪದ್ಧತಿ ಬದಲಾಯಿತು. ಯಾರು ಬಂದರೂ ಎರಡೂ ಕಡೆ ಅಳೆಯತೊಡಗಿದರು. ಎರಡೂ ತೋಳು, ಎರಡೂ ತೊಡೆ. ಪುಸ್ತಕದಲ್ಲಿ ನಡುವೆ ಗೆರೆ ಎಳೆದು ಎಡ, ಬಲ ಎಂದು ಎರಡು ಸಾಲು ಮಾಡಿದರು. ಒಬ್ಬೊಬ್ಬರಿಗೆ ಹಿಡಿಯುವ ಹೊತ್ತು ದುಪ್ಪಟ್ಟಾಯಿತು. ಹಬ್ಬದ ದಿನಗಳಲ್ಲಿ ಹುಡುಗಿಯರು ಕಾಯಲಾರದೆ ಪೇಟೆಯ ಹೊಸ ಅಂಗಡಿಗೆ ಹೋಗತೊಡಗಿದರು. ಮಾವಶಿಗೆ ಅರವತ್ತಾಯಿತು, ಕೈಮೇಲೆ ಭರವಸೆ ಹೋಯಿತು ಎಂಬ ಮಾತು ಓಣಿಯಲ್ಲಿ ಹುಟ್ಟಿತು. ಒಂದು ದಿನ ನಾನು ಅಲ್ಲೇ ಕುಳಿತಿದ್ದಾಗ ಒಬ್ಬರು ತೋಳು ಚಾಚಿ ನಿಂತು ಕೇಳಿದರು:

"ಮಾವಶಿ, ಮೊದಲ ಒಂದ ಕೈ ಅಳೀತಿದ್ರಿ. ಈಗ ಯಾಕ ಎರಡೂ? ಮರವು ಬಂತೇನ್ರಿ?"

"ಹೂಂ ಮತ್ತ. ರೊಟ್ಟಿ ಬಡದ ಬಡದ ಒಂದ ಕೈ ದಪ್ಪ ಮಾಡ್ಕೊಂಡ ಬರ್ತೀರಿ, ಆಮ್ಯಾಲ ಮಾವಶಿ ಕೆಡಿಸಿದ್ಲು ಅಂತೀರಿ. ಕೈ ಚಾಚು."

ಎಲ್ಲರೂ ನಕ್ಕರು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು: ಒಂದು ಹುಡುಗಿಗೆ ಹೀಗಾಗಿತ್ತು, ಅದಕ್ಕೆ. ಹೆಸರು ಹೇಳದೆಯೂ ಹೇಳಬಹುದಿತ್ತು. ಆದರೆ ಹುಕ್ಕೇರಿ ಎಷ್ಟು ದೊಡ್ಡ ಊರು? ಆಸ್ಪತ್ರೆಗೆ ಹೋಗಿ ಬಂದ ಹುಡುಗಿ ಯಾರು ಎಂದು ಸಂಜೆಯೊಳಗೆ ಗೊತ್ತಾಗುತ್ತಿತ್ತು. ಕೊಟ್ಟ ಮಾತಿಗೆ ಅವರು ತಮ್ಮ ಕೈಗುಣದ ಹೆಸರನ್ನೇ ಕೊಟ್ಟರು. ಅದು ಎಷ್ಟು ದೊಡ್ಡದು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಆ ಎರಡು ಸಾಲುಗಳಲ್ಲಿ ಇನ್ನೊಬ್ಬರ ಗಂಟು ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಬಹುಶಃ ಇಲ್ಲ. ರೋಗ ಅಷ್ಟು ಅಪರೂಪ. ಆದರೂ ನಾನು ಕಲಿತದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಅದು ನನ್ನೊಬ್ಬಳ ಬಳಿ ಇರಬೇಕಾದ ವಿಷಯವಲ್ಲ. ಮೈಯಲ್ಲಿ ಎಲ್ಲಿಯೇ ಆಗಲಿ, ತೋಳು, ತೊಡೆ, ಬೆನ್ನು, ಹೊಟ್ಟೆ, ಗಂಟೊಂದು ಕಂಡು ಅದು ಬೆಳೆಯುತ್ತಿದ್ದರೆ ತೋರಿಸಬೇಕು. ನಿಂಬೆಹಣ್ಣಿಗಿಂತ ದೊಡ್ಡದಿದ್ದರೆ, ಚರ್ಮದ ಕೆಳಗೆ ಜಾರದೆ ಆಳದಲ್ಲಿ ಹಿಡಿದುಕೊಂಡಂತಿದ್ದರೆ, ಒಮ್ಮೆ ತೆಗೆಸಿದ್ದು ಅಲ್ಲೇ ಮತ್ತೆ ಬಂದರೆ, ತಡ ಮಾಡಬಾರದು. ನೋವಿಗಾಗಿ ಕಾಯಬಾರದು, ನನ್ನದು ಕೊನೆಯವರೆಗೂ ನೋಯಲಿಲ್ಲ. ತಿಕ್ಕಿಸಬಾರದು, ಸುಡಿಸಬಾರದು. ಸ್ಕ್ಯಾನ್ ಮತ್ತು ಸೂಜಿ ಪರೀಕ್ಷೆ ಆಗದೆ ಕತ್ತರಿಸಲು ಯಾರಾದರೂ ಹೊರಟರೆ, ಏನೆಂದು ಗೊತ್ತಾಗಿದೆಯೇ ಎಂದು ಕೇಳಬೇಕು. ಕೇಳಿದರೆ ಡಾಕ್ಟರರಿಗೆ ಅವಮಾನವಾಗುವುದಿಲ್ಲ. ಹೆಚ್ಚಿನ ಸಲ ಉತ್ತರ ಏನೂ ಇಲ್ಲ ಎಂದೇ ಬರುತ್ತದೆ. ಬಂದರೆ ಒಳ್ಳೆಯದು.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಮೂಡಲಗಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ, ಪಂಚಮಿಯ ತಪ್ಪು ಅವರದಲ್ಲವೆಂದು ಈ ಸಲ ಹೇಳಿಯೇ ಬಿಡಬೇಕೆಂದು ಅಂಗಡಿಗೆ ಹೋಗಿದ್ದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಒಳಗೆ ಕಾಲಿಟ್ಟಾಗ ಅವರು ಕನ್ನಡಕ ಏರಿಸಿ, "ಏನ ತಂದಿ ಮೇಡಮ್?" ಎಂದರು. ನನ್ನ ಬಾಯಿಂದ ಬಂದದ್ದು, "ಓಢಣಿಗೆ ಅಂಚ ಹೊ‍ಲೀಬೇಕ್ರಿ." ಅವರು ಅಲ್ಲೇ ಹೊಲಿದು ಕೊಟ್ಟರು...

ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಕಣಗಲಾದ ಮಗಳ ಮನೆಗೆಂದು ಹೋದವರು ಅಲ್ಲಿಯೇ ತೀರಿಕೊಂಡರು. ಎದೆನೋವು ಎಂದರಂತೆ, ಗಾಡಿ ಬರುವಷ್ಟರಲ್ಲಿ ಮುಗಿದಿತ್ತು. ನನಗೆ ಮೂರು ದಿನ ತಡವಾಗಿ ತಿಳಿಯಿತು. ಹೋದಾಗ ಮಗಳು ಚಹಾ ಕೊಟ್ಟರು. ಅಂಗಡಿಯ ಮಷೀನುಗಳನ್ನು ಯಾರಿಗೋ ಕೊಟ್ಟಾಗಿತ್ತು. ಅಳತೆಯ ಪುಸ್ತಕಗಳು? "ಹಳೀ ವಹಿ ಏನ್ ಮಾಡೂದ್ರಿ, ರದ್ದಿಗೆ ಹಾಕಿದ್ವಿ" ಎಂದರು. ಮಾವಶಿ ಸ್ವಂತ ಮಗಳಿಗೂ ಏನೂ ಹೇಳಿರಲಿಲ್ಲ. ನಾನು ಯಾರೆಂದು ಕೇಳಿದ್ದಕ್ಕೆ, ಹೊಲಿಸಲು ಬರುತ್ತಿದ್ದವಳು ಎಂದೆ.

ಈ ಸಲದ ತಪಾಸಣೆ ಹೋದ ತಿಂಗಳು ಆಯಿತು. ಎದೆಯ ಚಿತ್ರ ಸ್ವಚ್ಛ, ತೊಡೆ ಸ್ವಚ್ಛ. ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಮೂಡಲಗಿಯ ನನ್ನ ಕೋಣೆಗೆ ಮೆಟ್ಟಿಲು ಹತ್ತಬೇಕು, ಇಪ್ಪತ್ತೆರಡು ಮೆಟ್ಟಿಲು. ಎರಡೂ ಕಾಲಿನಿಂದ ಹತ್ತುತ್ತೇನೆ.

ಮಾವಶಿ ಕೊಟ್ಟ ಮಾತು ಅವರೊಂದಿಗೆ ಮುಗಿಯಿತು. ಇನ್ನು ಈ ಗುಟ್ಟು ನನ್ನದು, ನನಗೆ ಅದು ಬೇಡವಾಗಿದೆ. ಹುಕ್ಕೇರಿಯ ಆ ಓಣಿಯಲ್ಲಿ ಬಟ್ಟೆ ಹೊಲಿಸಿದ ಅಕ್ಕಂದಿರಲ್ಲಿ, ಅಲ್ಲಿ ನಕ್ಕವರಲ್ಲಿ, ಕಾಯಲಾರದೆ ಬೇರೆ ಅಂಗಡಿಗೆ ಹೋದವರಲ್ಲಿ ಯಾರಾದರೂ ಇದನ್ನು ಓದಿದರೆ ಅವರಿಗೆ ಹೇಳುತ್ತಿದ್ದೇನೆ. ಮಾವಶಿಗೆ ಮರೆವು ಬಂದಿರಲಿಲ್ಲ. ಕೈ ನಡುಗಿರಲಿಲ್ಲ. ನಿಮ್ಮ ಎರಡೂ ಕೈಗಳನ್ನು ಅವರು ಅಳೆದದ್ದು ನನ್ನ ಕಾರಣಕ್ಕೆ. ಅವರ ಕತ್ತರಿ ಒಮ್ಮೆಯೂ ವಾರೆ ಹೋಗಿರಲಿಲ್ಲ. ಹೋಗಿದೆ ಎಂದು ಹುಡುಗಿಯರ ನಡುವೆ ಅವರು ಒಪ್ಪಿಕೊಂಡ ಆ ಪಂಚಮಿಯ ಮುನ್ನಾದಿನ, ಗೊತ್ತಿದ್ದೂ ಸುಮ್ಮನೆ ನಿಂತವಳು ನಾನು.